ಇಳಿಬಿಸಿಯ ಖಟಾಯಿ

ಹಳೆಯ ತಗಡನ್ನು ಗುಜರಿಯವನಿಗೆ ಹಾಕುವ ಮುಂಚೆ ಒಮ್ಮೆ ತಿರುವಿ ನೋಡಿರಿ. ನೀವು ಕೇಳದಿದ್ದರೂ ಈ ಸಲಹೆ ಕೊಡುತ್ತಿದ್ದೇನೆ. ಶಹಾಬಾದಿನಲ್ಲಿ ಪಾತ್ರೆ-ಭಾಂಡೆ ಅಂಗಡಿ ಇಟ್ಟು ಅರ್ಧ ಆಯುಷ್ಯ ಕಳೆದವಳು ನಾನು. ಹಿತ್ತಾಳೆ ಕೊಟ್ಟು ಸ್ಟೀಲು ಒಯ್ಯಲು ಬಂದ ಹೆಂಗಸರು ತಕ್ಕಡಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ಕೊಡದ ಬುದ್ಧಿಮಾತನ್ನೂ ಕಟ್ಟಿಕೊಂಡು ಹೋದವರಿದ್ದಾರೆ. ಈಗ ಅಂಗಡಿ ಬಿಟ್ಟು ಸೇಡಂನಲ್ಲಿ ಮಗನ ಹತ್ತಿರ ಇದ್ದೇನೆ. ಮಗ ನನ್ನ ಹತ್ತಿರ ಇದ್ದಾನೆ ಎನ್ನುವುದೇ ಹೆಚ್ಚು ಸರಿ, ಮನೆ ನನ್ನ ಹೆಸರಿನಲ್ಲಿದೆ.

ಯುಗಾದಿಗೆ ಸುಣ್ಣ ಬಳಿಸುವಾಗ ಸೊಸೆ ವಿದ್ಯಾ ಅಟ್ಟದಿಂದ ಸಾಮಾನು ಇಳಿಸುತ್ತಿದ್ದಳು. ಕಪ್ಪಗೆ ಸುಟ್ಟು, ಅಂಚು ಸೊಟ್ಟಗಾದ ಒಂದು ತಗಡಿನ ತಟ್ಟೆ ಕೈಗೆ ಬಂತು.

"ಇದನ್ನೂ ಹಾಕಿಬಿಡ್ಲಾ ಅತ್ತೆ?"

ತಿರುವಿ ನೋಡಿದೆ. ಮೂಲೆಯಲ್ಲಿ ಮೊಳೆ ಬಡಿದ ಮೂರು ತೂತು. "ಕೊಡು ಇಲ್ಲಿ!" ಎಂದು ಕಸಿದುಕೊಂಡ ರಭಸಕ್ಕೆ ಪಾಪ, ಹುಡುಗಿ ನಿಚ್ಚಣಿಕೆಯ ಮೇಲೇ ಬೆಚ್ಚಿಬಿದ್ದಳು.

ಆ ಮೂರು ತೂತು ನನ್ನ ತವರುಮನೆಯ ಗುರುತು. ನಾನು ಸಣ್ಣವಳಿದ್ದಾಗ ಶಹಾಬಾದಿನಲ್ಲಿ ಯಾರೂ ಬಿಸ್ಕೀಟು ಕೊಳ್ಳುತ್ತಿರಲಿಲ್ಲ, ಹಾಕಿಸುತ್ತಿದ್ದರು. ದೀಪಾವಳಿ ಬಂದರೆ, ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟರೆ, ಮನೆಯ ಮೈದಾ, ಮನೆಯ ಸಕ್ಕರೆ, ಮನೆಯ ತುಪ್ಪ ಕಟ್ಟಿಕೊಂಡು ಭಟ್ಟಿಗೆ ಹೋಗುವುದು. ಭಟ್ಟಿಯವನು ಕಲಸಿ, ಉಂಡೆ ಮಾಡಿ, ನಮ್ಮ ತಟ್ಟೆಯಲ್ಲೇ ಜೋಡಿಸಿ ಸುಟ್ಟುಕೊಡುತ್ತಿದ್ದ. ಅದು ಖಟಾಯಿ. ಊರಿನ ತಟ್ಟೆಗಳೆಲ್ಲ ಒಂದೇ ಒಲೆಗೆ ಹೋಗುವುದರಿಂದ ಒಬ್ಬರದು ಇನ್ನೊಬ್ಬರಿಗೆ ಅದಲು-ಬದಲಾಗಬಾರದೆಂದು ಈ ಗುರುತು. ಎದುರುಮನೆಯವರದು ಒಂದು ತೂತು, ಮಾಸ್ತರ ಮನೆಯದು ಅಂಚಿನಲ್ಲಿ ಕಚ್ಚು.

ನಮ್ಮಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಸೀಳುತ್ತಿದ್ದ. ಹಾಗಾಗಿ ನಮ್ಮ ಮನೆಯಲ್ಲಿ ತುಪ್ಪ ಅಂದರೆ ದೇವರ ಗೂಡಿನಲ್ಲಿ ಇಡುವ ವಸ್ತು. ಅವ್ವ ಅದನ್ನು ವರ್ಷವೆಲ್ಲ ಚಮಚ ಚಮಚ ಕೂಡಿಸಿ, ಭಟ್ಟಿಗೆ ಹೋಗುವ ದಿನ ನನ್ನ ಕೈಗೆ ಕೊಟ್ಟು ಹೇಳುತ್ತಿದ್ದಳು: "ಈ ಡಬ್ಬಿ ಮ್ಯಾಲಿಂದ ಕಣ್ಣ ತಗೀಬ್ಯಾಡ. ಅತ್ತಾಗ ಇತ್ತಾಗ ನೋಡಿದೆಂದ್ರ ವನಸ್ಪತಿ ಸುರೀತಾನ ಅಂವ."

ಖಾಸಿಂ ಚಾಚಾನ ಭಟ್ಟಿ ಸ್ಟೇಷನ್ನಿನ ಹಿಂದಿತ್ತು. ಕಲ್ಲಿನ ಗೋಡೆ, ಒಳಗೆ ಗುಮ್ಮಟದಂತೆ ಕಟ್ಟಿದ ಒಲೆ. ಅವರಜ್ಜ ನಿಜಾಮನ ಕಾಲಕ್ಕೆ ಹೈದರಾಬಾದಿನಿಂದ ಬಂದು ಕಟ್ಟಿದ್ದಂತೆ. ನಾನು ಡಬ್ಬಿ ಹಿಡಿದು ಹೋದ ಕೂಡಲೇ ಚಾಚಾ ಒಳಗಿನವರಿಗೆ ಕೂಗುತ್ತಿದ್ದ: "ಬಂದ್ರು ನೋಡ್ರಿ ನಮ್ಮ ಇನ್ಸ್‌ಪೆಕ್ಟರ್ ಸಾಹೇಬ್ರು! ಸ್ಟೂಲು ಹಾಕ್ರಿ, ಸಲಾಂ ಹೊಡೀರಿ!" ನಾನು ನಗದೆ ಕೂರುತ್ತಿದ್ದೆ. ನಕ್ಕರೆ ಕಣ್ಣು ಕಿರಿದಾಗುತ್ತದೆ, ಅಷ್ಟರಲ್ಲಿ ವನಸ್ಪತಿ ಸುರಿದರೆ? ಮುಂದೆ ವ್ಯಾಪಾರದಲ್ಲಿ ನನಗೆ ಬಂದ ಎಲ್ಲ ಹೆಸರಿಗೂ ಆ ಸ್ಟೂಲೇ ಪಾಠಶಾಲೆ.

ಇದನ್ನೆಲ್ಲ ನಿಚ್ಚಣಿಕೆಯ ಬುಡದಲ್ಲೇ ವಿದ್ಯಾಗೆ ಹೇಳಿದೆ. ಅವಳು ಕೆಳಗಿಳಿದು, ಕೈ ಒರೆಸಿಕೊಂಡು, ತಟ್ಟೆಯನ್ನು ತನ್ನ ಓವನ್‌ನ ಬಾಯಿಗೆ ಹಿಡಿದು ನೋಡಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಒಳಗೆ ಹೋಯಿತು.

ಆ ಓವನ್ನಿನ ಕಥೆ ಹೇಳಲೇಬೇಕು. ವಿದ್ಯಾ ದಾವಣಗೆರೆಯವಳು. ಮದುವೆಗೆ ಏನು ಬೇಕು ಅಂದರೆ ಅವರಪ್ಪನ ಹತ್ತಿರ ಅದನ್ನೇ ಕೇಳಿ ತಂದವಳು. ಮೊಟ್ಟೆ ಹಾಕದ ಕೇಕು ಮಾಡಿ ಓಣಿಯ ಹುಟ್ಟುಹಬ್ಬಗಳಿಗೆ ಕೊಡುತ್ತಿದ್ದಳು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಸೇಡಂನ ಮೂಲೆಮೂಲೆಗೆ ಗಾಜಿನ ಪೆಟ್ಟಿಗೆಯ ಕೇಕ್ ಅಂಗಡಿ ಬಂದವು, ಇವಳ ಫೋನು ಸುಮ್ಮನಾಯಿತು. ನನ್ನ ಮಗ ಶಿವು ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿದ್ದಾನೆ. ಅವನು ಹೆಂಡತಿಗೆಂದು ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ ಮಾತಾಡಿ ಬಂದಿದ್ದ. ಜೂನ್‌ಗೆ ಶಾಲೆ ಶುರು, ಅಷ್ಟರೊಳಗೆ ಹೂಂ ಅನ್ನಬೇಕು. ಹೂಂ ಅಂದರೆ ಓವನ್ ಮಾರುವುದು. ಆದಿತ್ಯನಗರದ ಕ್ವಾರ್ಟರ್ಸಿನಲ್ಲಿ ಅವನ ಜೊತೆಯವನ ಹೆಂಡತಿ ಆಗಲೇ ಅದನ್ನು ಕೇಳಿಟ್ಟಿದ್ದಳು. ವಿದ್ಯಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಏನೂ ಬೇಯಿಸದ ದಿನವೂ ಸಂಜೆ ಕೂತು ಆ ಓವನ್ನನ್ನು ಒಳಗೆ-ಹೊರಗೆ ಒರೆಸುತ್ತಿದ್ದಳು. ಗಿರಾಕಿಯ ಮನಸ್ಸು ಬಾಯಲ್ಲಿರುವುದಿಲ್ಲ, ಕೈಯಲ್ಲಿರುತ್ತದೆ. ಸೀರೆ ಬೇಡ ಬೇಡ ಅನ್ನುತ್ತಲೇ ಸೆರಗು ಸವರುವವರನ್ನು ನೀವೂ ನೋಡಿರಬೇಕು.

"ಕೇಕ್ ಎಲ್ಲಾರೂ ಮಾರತಾರ," ಅಂದೆ. "ಯಾರ ಹತ್ರನೂ ಇಲ್ಲದ್ದು ಮಾರಬೇಕು. ಖಾಸಿಂ ಚಾಚಾನ ಖಟಾಯಿ ಮಾಡು. ನಾ ಹೇಳಿ ಕೊಡ್ತೀನಿ."

"ನಿಮಗೆ ಬರುತ್ತಾ ಅತ್ತೆ?"

"ಬರೋದೇನು? ಕಣ್ಣ ಮುಂದ ಮಾಡಿದ್ದ ನೋಡೀನಿ!"

ಮಾರನೇ ದಿನ ಅವಳು ಕೇಳಿದಳು: ಸಕ್ಕರೆ ಪುಡಿ ಮಾಡಿ ಹಾಕುತ್ತಿದ್ದರೋ ಹಾಗೆಯೋ? ರವೆ ಇತ್ತೋ, ಕಡಲೆಹಿಟ್ಟೋ? ಎಷ್ಟು ಹೊತ್ತು ತಿಕ್ಕುತ್ತಿದ್ದರು? ಉಂಡೆಯನ್ನು ಒತ್ತುತ್ತಿದ್ದರೋ, ಹಾಗೇ ಇಡುತ್ತಿದ್ದರೋ? ಕಣ್ಣು ಮುಚ್ಚಿದರೆ ತುಪ್ಪದ ಡಬ್ಬಿ ಕಾಣುತ್ತದೆ: ಅದರ ಮುಚ್ಚಳದ ತುಕ್ಕು, ಅಂಚಿಗೆ ಅಂಟಿದ ಎಳೆ, ಎಲ್ಲ. ಚಾಚಾನ ಕೈ ಕಾಣುವುದಿಲ್ಲ. ಅಷ್ಟು ವರ್ಷ ಒಬ್ಬ ಕಸಬುದಾರನ ಎದುರು ಕೂತು ನಾನು ಕಲಿತದ್ದು ಅವನು ಕದಿಯಲಿಲ್ಲ ಎನ್ನುವುದೊಂದೇ!

ಆದರೆ ತುಪ್ಪದ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ, ಅದನ್ನಾದರೂ ಸರಿ ಮಾಡೋಣವೆಂದು ಚಿತ್ತಾಪುರದ ಸಂತೆಗೆ ಹೋದೆ. ಚಿಂಚೋಳಿ ಕಡೆಯ ಹೆಂಗಸರು ತುಪ್ಪ ತಂದು ಕೂರುತ್ತಾರೆ. ಒಂದು ಉಪಾಯ ಹೇಳುತ್ತೇನೆ. ಒಂದು ಹನಿಯನ್ನು ಮುಂಗೈಗೆ ತಿಕ್ಕಿಕೊಂಡು, ದರ ಕೇಳದೆ ಸಂತೆಯ ಆ ತುದಿಯವರೆಗೂ ನಡೆದು ಬನ್ನಿ. ವಾಪಸ್ಸು ಬರುವಾಗಲೂ ಘಮ ಉಳಿದಿದ್ದರೆ ತುಪ್ಪ ನಿಜದ್ದು. ಅಷ್ಟರಲ್ಲಿ ನೀವು ಬರುವುದೇ ಇಲ್ಲವೆಂದು ಮಾರುವವಳ ಮನಸ್ಸೂ ಮೆತ್ತಗಾಗಿರುತ್ತದೆ. ಒಂದು ನಡಿಗೆ, ಎರಡು ಲಾಭ.

ಅಂಥ ತುಪ್ಪ ಹಾಕಿ, ಮೊಬೈಲಿನಲ್ಲಿ ಸಿಕ್ಕ ಅಳತೆಯಲ್ಲಿ ಕಲಸಿ, ಮೂರು ತೂತಿನ ತಟ್ಟೆಯಲ್ಲಿ ಉಂಡೆ ಜೋಡಿಸಿ ಒಳಗಿಟ್ಟೆವು. ಸ್ವಲ್ಪ ಹೊತ್ತಿಗೆ ಉಂಡೆಗಳು ಒಂದರ ಮೇಲೊಂದು ಹರಿದು, ಕೈ ಕೈ ಹಿಡಿದು, ತಟ್ಟೆಯ ತುಂಬ ಒಂದೇ ಹಾಸಿಗೆಯಾದವು. ಶಿವು ಕಾರ್ಖಾನೆಯಿಂದ ಬಂದವನು ಅದನ್ನು ಎತ್ತಿ ಬೆಳಕಿಗೆ ಹಿಡಿದ.

"ಯವ್ವಾ, ಇದು ಹೊದಿಯೋದೋ, ಹಾಸೋದೋ?"

"ತಿನ್ನೋದು. ಸುಮ್ಮ ತಿನ್ನು."

ಚಹಾದಲ್ಲಿ ಅದ್ದಿ ಅದ್ದಿ ಅಷ್ಟನ್ನೂ ಮುಗಿಸಿದ ಅನ್ನಿ. ಮುಗಿಸಿ, ಬಾಯಿ ಒರೆಸಿಕೊಂಡು, "ಶಾಲಿಯವ್ರು ಮತ್ತ ಕೇಳಾಕತ್ತಾರ, ವಿದ್ಯಾ" ಅಂದ. ಅವಳು ತಟ್ಟೆ ತೊಳೆಯಲು ಎದ್ದು ಹೋದಳು.

ನನಗೆ ಹಟ ಬಂತು. ದೋಷ ಹಿಟ್ಟಿನದಲ್ಲ, ಒಲೆಯದು ಎಂದು ನಿರ್ಧರಿಸಿದೆ. ಭಟ್ಟಿಯ ನೆಲ ಕಲ್ಲಿನದು, ಇದರದು ತಂತಿಯ ಜಾಲಿ. ಶಹಾಬಾದಿನ ಭಟ್ಟಿ ಅಂದಮೇಲೆ ಶಹಾಬಾದಿನ ಕಲ್ಲೇ ಬೇಕಲ್ಲ? ಜಗತ್ತೇ ತುಳಿಯುವ ಕಲ್ಲು ನಮ್ಮದು. ಅಡಿಗೆಮನೆಯ ಕಟ್ಟೆಗೆ ಹಾಸಿ ಉಳಿದ ಫರಸಿಯ ತುಂಡೊಂದು ಹಿತ್ತಲಲ್ಲಿ ಬಿದ್ದಿತ್ತು. ಹಲ್ಲಿ ಓಡಾಡಿದ್ದನ್ನು ಅನ್ನ ಬೇಯುವ ಜಾಗಕ್ಕೆ ಹೇಗೆ ಇಡುವುದು? ತಿಕ್ಕಿ ತಿಕ್ಕಿ ತೊಳೆದು, ಇಡೀ ಮಧ್ಯಾಹ್ನ ನೀರಿನಲ್ಲಿ ನೆನೆಸಿ, ಸೆರಗಿನಿಂದ ಒರೆಸಿ ಓವನ್ನಿನೊಳಗೆ ಇಟ್ಟೆ.

"ಅತ್ತೆ, ಕಲ್ಲು ತಡಿಯುತ್ತಾ?"

"ನಮ್ಮ ಕಲ್ಲು! ರೈಲು ಹೋದ್ರೂ ತಡೀತದ."

ಫರಸಿ ಕಲ್ಲು ಪದರು ಪದರಾಗಿರುತ್ತದೆ, ಪದರಿನ ನಡುವೆ ನೀರು ಕುಡಿದು ಕೂರುತ್ತದೆ, ಕಾದರೆ ಸಿಡಿಯುತ್ತದೆ, ಅದಕ್ಕೇ ನಮ್ಮೂರಿನಲ್ಲಿ ಯಾರೂ ಬರೀ ಫರಸಿಯ ಮೇಲೆ ಒಲೆ ಹೂಡುವುದಿಲ್ಲ, ಒಲೆಯ ಕೆಳಗೆ ಮಣ್ಣು ಮೆತ್ತುತ್ತಾರೆ. ಇದು ಕಲ್ಲು ಸೀಳುವವನ ಮಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಭಿಮಾನ ತಲೆಗೇರಿದಾಗ ಗೊತ್ತಿರುವುದು ಕೆಳಗೇ ಉಳಿದುಬಿಡುತ್ತದೆ. ಓವನ್ ಕಾದು ಸ್ವಲ್ಪ ಹೊತ್ತಿಗೆ ಒಳಗಿಂದ ಪಟ್ ಎಂದಿತು. ಹುರಿಗಡಲೆಯಂತೆ ಇನ್ನೆರಡು ಸಲ. ಆಮೇಲೆ ಗಣಿಯಲ್ಲಿ ಮದ್ದು ಹಾರಿದಂತೆ ಒಂದೇ ಏಟು. ಬಾಗಿಲಿನ ಗಾಜು ಜಾಲರಿಯಂತೆ ಬಿರಿದು ನಿಂತಿತು.

ವಿದ್ಯಾ ಕಿರುಚಲಿಲ್ಲ. ಸ್ವಿಚ್ ಆರಿಸಿ, "ಹಿಂದೆ ಸರೀರಿ ಅತ್ತೆ, ಚೂರು ಇದಾವೆ" ಎಂದಷ್ಟೇ ಹೇಳಿ ಬಗ್ಗಿ ಕೂತಳು. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವಳು ಕಲ್ಲಿನ ಚಕ್ಕೆಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ತಾಳ್ಮೆಯಿಂದ.

ಆ ಹೊತ್ತಿಗೇ ಶಿವು ಬಂದ.

"ಸಾಕಿನ್ನ. ನಾಳೆ ಶಾಲಿಗೆ ಹೂಂ ಅಂತ ಫೋನ್ ಮಾಡ್ತೀನಿ ನಾ."

"ಗಾಜು ಒಡದದ, ಒಲಿ ಒಡದಿಲ್ಲ," ಅಂದೆ. "ಒಡದ ಗಾಜಿನ ಒಲಿ ಯಾರು ಒಯ್ತಾರ? ಮಾರಬೇಕಂದ್ರೂ ಗಾಜು ಹಾಕಸಬೇಕು. ಅಲ್ಲೀತನಾ ಸುಮ್ಮಿರು."

ಎದುರಿನವನು ಕೆಟ್ಟ ಸರಕು ತೋರಿಸಿದಾಗ ಆ ಕೆಟ್ಟದ್ದನ್ನೇ ಹಿಡಿದು ವಾಯಿದೆ ಕೇಳಬೇಕು. ಶಿವು ತಲೆ ಕೆರೆದುಕೊಂಡ. ಗಾಜು ಕಲಬುರಗಿಯಿಂದ ಬರಬೇಕಿತ್ತು. ಅದು ಬರುವವರೆಗೆ ನಮಗೆ ಉಸಿರಾಡಲು ಜಾಗ ಸಿಕ್ಕಿತು. ನಾನು ವಿದ್ಯಾಳನ್ನು ಕರೆದುಕೊಂಡು ಪ್ಯಾಸೆಂಜರ್ ರೈಲು ಹತ್ತಿ ವಾಡಿಗೆ ಹೋದೆ.

ವಾಡಿಯಲ್ಲಿ ಮಲನ್‌ಬೀ ಇದ್ದಾಳೆ. ಖಾಸಿಂ ಚಾಚಾನ ಮಗಳು, ನನ್ನ ವಾರಿಗೆಯವಳು. ಭಟ್ಟಿ ಮುಚ್ಚಿ ಕಾಲವಾಯಿತು, ಈಗ ಅವಳು ಮಗನ ಮನೆಯಲ್ಲಿ ರೈಲಿನ ಸದ್ದು ಕೇಳುತ್ತ ಕಾಲು ಚಾಚಿಕೊಂಡು ಕೂತಿರುತ್ತಾಳೆ. ನನ್ನನ್ನು ಕಂಡದ್ದೇ ತಡ, "ಅರೇ, ಇನ್ಸ್‌ಪೆಕ್ಟರ್! ಈಗ ಯಾರ ತುಪ್ಪ ಕಾಯ್ಲಿಕತ್ತೀ?" ಅಂದಳು.

"ನಿಮ್ಮಪ್ಪನ ಖಟಾಯಿ ಹ್ಯಾಂಗ ಮಾಡತಿದ್ದ ಹೇಳವಾ. ಸೊಸಿಗೆ ಬೇಕಾಗ್ಯದ."

"ಮುಫತ್ ಹೇಳಲೇನು?"

"ಮೊದಲ ತಟ್ಟಿ ನಿನಗ."

"ಮೊದಲದ್ದು ಸುಟ್ಟಿರತದ. ಎರಡನೇದ್ದು ಕೊಡು."

ನೋಡಿ, ವ್ಯವಹಾರ ಅಂದರೆ ಇದು. ಒಪ್ಪಿದೆ. ಅವಳು ಚಹಾ ತರಿಸಿ ಹೇಳಿದಳು: ತುಪ್ಪವನ್ನು ಕರಗಿಸಬಾರದು, ಗಟ್ಟಿ ಇದ್ದಾಗಲೇ ಅಗಲ ಪರಾತದಲ್ಲಿ ಅಂಗೈಯಿಂದ ತಿಕ್ಕಬೇಕು. ಬೆಳ್ಳಗೆ ಉಬ್ಬಿ, ಒಂದು ಚಿಟಿಕೆ ನೀರಿಗೆ ಹಾಕಿದರೆ ತೇಲುವವರೆಗೆ. ಹಿಟ್ಟನ್ನು ಕಲಸಿ ರಾತ್ರಿಯೆಲ್ಲ ಇಡಬೇಕು. ಯಾಲಕ್ಕಿ ಹಾಕಬೇಕು. ಜಾಯಿಕಾಯಿ ಎಂದೆ ನಾನು. ಯಾಲಕ್ಕಿ ಎಂದಳು ಅವಳು. ಇಬ್ಬರೂ ಆ ಖಟಾಯಿ ತಿಂದು ದೊಡ್ಡವರಾದವರು, ಇಬ್ಬರೂ ಸೋಲಲಿಲ್ಲ. ವಿದ್ಯಾ ಎರಡನ್ನೂ ಬರೆದುಕೊಂಡಳು.

"ಮತ್ತ ಸೋಡಾ ಇರಲಿಲ್ಲ. ಒಂದು ಚಮಚ ಸೇಂದಿ."

ನಾನು ಚಹಾದ ಬಸಿ ಕೆಳಗಿಟ್ಟೆ. ಸೇಂದಿ! ಈಚಲ ಮರದ ಹೆಂಡ! ನಮ್ಮವ್ವ ಹಣೆ ತುಂಬ ವಿಭೂತಿ ಬಳಿದುಕೊಂಡು, ಲಿಂಗಪೂಜೆ ಆಗದೆ ನೀರೂ ಮುಟ್ಟದವಳು, ವರ್ಷಾವರಿ ಆ ಖಟಾಯಿ ಮುರಿದು ತಿಂದಿದ್ದಾಳೆ!

"ಮಲನ್, ನಮ್ಮವ್ವಗ ಗೊತ್ತಾಗಿದ್ರ ಭಟ್ಟಿ ಮುಂದ ಕುಂತು ಅಳತಿದ್ಲು."

"ಗೊತ್ತಿತ್ತು ಬಿಡು," ಅಂದಳು ಮಲನ್‌ಬೀ. "ಹಿಟ್ಟು ತಂದ್ಲು, ಸಕ್ರಿ ತಂದ್ಲು, ತುಪ್ಪ ತಂದು ಮ್ಯಾಲ ಪೊಲೀಸ್ರನ್ನ ಕೂಡ್ಸಿದ್ಲು. ಹಿಟ್ಟು ಉಬ್ಬಸೋ ಹುಳಿ ಯಾಕ ತರಲಿಲ್ಲ? ಯಾವ ಹುಳಿ ಹಾಕ್ತೀ ಅಂತ ಒಮ್ಮೆನೂ ಯಾಕ ಕೇಳಲಿಲ್ಲ?"

ಕೇಳದೇ ಇರುವುದೂ ಒಂದು ವ್ಯವಹಾರ ಎಂದು ಆ ದಿನ ತಿಳಿಯಿತು. ಅವ್ವ ನನಗಿಂತ ಜಾಣೆ.

"ಬೆಂಕಿ ಎಷ್ಟಿರಬೇಕು ಅಮ್ಮಾ?" ಎಂದು ವಿದ್ಯಾ ಕೇಳಿದಳು. ಅವಳಿಗೆ ಬೇಕಿದ್ದದ್ದು ಅದೇ. ಮಲನ್‌ಬೀ ಕೈ ಚೆಲ್ಲಿದಳು. "ಅದು ಅಬ್ಬಾಗೇ ಗೊತ್ತು ಬೇಟಿ. ಒಳಗ ಕೈ ಹಾಕಿ ನೋಡ್ತಿದ್ರು. ನಾ ಉಂಡಿ ಕಟ್ಟಾಕಿ, ಒಲಿ ಕಡಿ ಹೋದವಳಲ್ಲ."

ವಿದ್ಯಾಳ ಮುಖ ಇಳಿಯಿತು. ಏಳುವ ಹೊತ್ತಿಗೆ ನನಗೆ ಹಳೆಯ ಸಿಟ್ಟೊಂದು ನೆನಪಾಯಿತು, ಬಿಡುವವಳೇ ನಾನು?

"ಏನರ ಅನ್ನು ಮಲನ್, ನಿಮ್ಮಪ್ಪ ನಮಗ ಒಂದು ಅನ್ಯಾಯ ಮಾಡ್ಯಾನ. ಮುಂಜಾನೆ ಹೋಗಿ ಕುಂತ್ರೂ ನಮ್ಮ ತಟ್ಟಿ ಸಂಜಿಗೇ ಒಳಗ ಹೋಗ್ತಿತ್ತು. ಅದೂ ಕೆಂಡ ಎಲ್ಲಾ ಎಳದು ಹೊರಗ ಹಾಕಿದ ಮ್ಯಾಲ! ಬೆಂಕಿ ಊರಿಗೆಲ್ಲಾ, ನಮಗ ಬೂದಿ. ನಮ್ಮವ್ವ ಪ್ರತೀ ಸಲ ಜಗಳಾಡತಿದ್ಲು."

"ನಿಮಗಷ್ಟೇ ಏನು? ಖಟಾಯಿ ಯಾರದಿದ್ರೂ ಕಡೀಕೇ. ಮೊದಲ ಪಾವು, ಆಮ್ಯಾಲ ಖಾರಿ, ಆಮ್ಯಾಲ—"

"ಅತ್ತೆ," ವಿದ್ಯಾ ನನ್ನ ಮೊಳಕೈ ಹಿಡಿದಳು. "ಬೆಂಕಿ ತೆಗೆದ ಮೇಲೇನಾ? ಇಳಿಯೋ ಬಿಸಿಯಲ್ಲಿ?"

ವಾಪಸ್ಸು ಬರುವಾಗ ರೈಲಿನಲ್ಲಿ ಅವಳು ಕಿಟಕಿಯಾಚೆಗೂ ನೋಡಲಿಲ್ಲ. ಬೆರಳು ಮಡಿಸುತ್ತ, ಬಿಚ್ಚುತ್ತ, ತನ್ನಲ್ಲೇ ಮಾತಾಡಿಕೊಳ್ಳುತ್ತಿದ್ದಳು. ಓವನ್ನನ್ನು ಮೊದಲು ಜೋರಾಗಿ ಕಾಯಿಸುವುದು. ಆಮೇಲೆ ಪೂರ್ತಿ ಆರಿಸಿಬಿಡುವುದು. ತಟ್ಟೆ ಒಳಗಿಟ್ಟು ಬಾಗಿಲು ತೆರೆಯದೆ ಬಿಡುವುದು. ಏರುವ ಬಿಸಿಯಲ್ಲಿ ತುಪ್ಪ ಓಡುತ್ತದೆ, ಇಳಿಯುವ ಬಿಸಿಯಲ್ಲಿ ನಿಲ್ಲುತ್ತದೆ. ನಾನು ದೊಡ್ಡ ಕಣ್ಣು ಬಿಟ್ಟು ಕಾವಲು ಕಾದ ತುಪ್ಪದಿಂದ ಏನೂ ಸಿಕ್ಕಿರಲಿಲ್ಲ, ಹಲ್ಲು ಕಚ್ಚಿ ಹಿಡಿದಿಟ್ಟ ದೂರಿನಿಂದ ಸಿಕ್ಕಿತು. ಆದ್ದರಿಂದ ಹೇಳುತ್ತೇನೆ: ಹಳೆಯ ಜಗಳಗಳನ್ನು ಪೂರ್ತಿ ಮರೆಯಬೇಡಿ.

ಗಾಜು ಬಂತು. ಸೇಂದಿಯ ಪ್ರಶ್ನೆ ಉಳಿದಿತ್ತು. "ಹಳೇದೇ ಬೇಕಂದ್ರೆ ಅದೇ ಹಾಕಬೇಕಲ್ವಾ ಅತ್ತೆ?" ಎಂದು ವಿದ್ಯಾ ಧರ್ಮಸಂಕಟ ಒಡ್ಡಿದಳು. ನಾನು ಹುಳಿಮೊಸರು ಮುಂದಿಟ್ಟೆ. ಸತ್ತವರ ಪಾಕವನ್ನು ಬದುಕಿದವರ ಅಡಿಗೆಮನೆಗೆ ತರುವಾಗ ಒಂದಿಷ್ಟು ಚೌಕಾಸಿ ಆಗಲೇಬೇಕು. ಹಿಟ್ಟು ರಾತ್ರಿಯಿಡೀ ಕೂತಿತು. ಬೆಳಿಗ್ಗೆ ಕಾದ ಓವನ್ ಆರಿಸಿ, ತಟ್ಟೆ ಇಟ್ಟು, ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು, ನಾನು ತೆರೆದುಬಿಡುತ್ತೇನೆಂಬ ಭಯಕ್ಕೆ.

ಘಮ ಮೊದಲು ಬಂತು. ತೆಗೆದಾಗ ಖಟಾಯಿಗಳು ಬೇರೆ ಬೇರೆ ನಿಂತಿದ್ದವು, ದುಂಡಗೆ, ನೆತ್ತಿ ಬಿರಿದು, ಬುಡ ಮಾತ್ರ ಕೆಂಪಗೆ. ಬಾಯಿಗಿಟ್ಟರೆ ಹಲ್ಲಿಗೆ ಕೆಲಸವಿಲ್ಲ. ಹುಳಿ ಚೂರು ಕಮ್ಮಿ ಎನ್ನಿಸಿತು, ಹೇಳಲಿಲ್ಲ. ಜಾಯಿಕಾಯಿ ಅಂದದ್ದು ಮಾತ್ರ ನನ್ನದೇ ಸರಿ.

ಪಕ್ಕದ ಮನೆಯ ನೀಲಮ್ಮ ಘಮಕ್ಕೆ ಗೋಡೆ ದಾಟಿಯೇ ಬಂದಳು. ಒಂದು ತಿಂದಳು, ಇನ್ನೊಂದು ತಿಂದಳು, ಮೂರನೆಯದನ್ನು ಸೆರಗಿಗೆ ಕಟ್ಟಿಕೊಂಡಳು.

"ವಿದ್ಯಾ, ನಮ್ಮ ಮಗಳಿಗೆ ಕಳಸಬೇಕು. ಹಿಟ್ಟು, ತುಪ್ಪ ನಾ ತಂದು ಕೊಟ್ರ ಕೂಲಿ ತಗೊಂಡು ಹಾಕಿ ಕೊಡ್ತೀಯೇನು? ನಿಮ್ಮ ತುಪ್ಪ ಚೊಲೋ ಇಲ್ಲಂತಲ್ಲ. ನಮ್ಮದ ಇದ್ರ ಮನಸಿಗೆ ಸಮಾಧಾನ."

ನನಗೆ ಮೈ ಉರಿಯಿತು. ನಮ್ಮ ಸೊಸೆ ತುಪ್ಪ ಕದಿಯುತ್ತಾಳೆಯೇ? ಆದರೆ ವಿದ್ಯಾ, "ತನ್ನಿ ಅಕ್ಕಾ, ನಿಮ್ಮ ಎದುರಿಗೇ ತಿಕ್ಕಿಕೊಡ್ತೀನಿ" ಅಂದಳು, ಒಂದಿಷ್ಟೂ ಬೇಸರವಿಲ್ಲದೆ. ನೀಲಮ್ಮ ತಂದಳು. ನೀಲಮ್ಮನ ನಾದಿನಿ ತಂದಳು. ವಾರ ಕಳೆಯುವುದರಲ್ಲಿ ನಮ್ಮ ಪಡಸಾಲೆಯಲ್ಲಿ ಸ್ಟೀಲ್ ಡಬ್ಬಿಗಳ ಸಾಲು, ಮುಚ್ಚಳಕ್ಕೆ ಉಗುರಿನ ಬಣ್ಣದಲ್ಲಿ ಹೆಸರು. ಓವನ್ ಕೊಳ್ಳಲು ಕಾದಿದ್ದ ಆದಿತ್ಯನಗರದಾಕೆಯೂ ಶಿವುನ ಕೈಯಲ್ಲೇ ತುಪ್ಪದ ಬಾಟಲಿ ಕಳಿಸಿದಳು. ಅವನು ಅದನ್ನು ತಂದು ಮೇಜಿನ ಮೇಲಿಟ್ಟ ರೀತಿ ನೋಡಬೇಕಿತ್ತು, ಸೋತ ಪಕ್ಷದ ಏಜೆಂಟನ ಹಾಗೆ.

ಒಂದು ಸಂಜೆ ಅವನು ಬೈಕನ್ನು ಪಡಸಾಲೆಯೊಳಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ವಿದ್ಯಾಳನ್ನು ಕೇಳಿದ: "ಶಾಲಿಯವ್ರು ನಿನಗ ಫೋನ್ ಮಾಡಿದ್ರಂತಲ್ಲ. ಏನಂದಿ?"

"ಬರಲ್ಲ ಅಂದೆ."

ಶಿವು ನನ್ನ ಕಡೆ ನೋಡಿದ. ಈ ಮನೆಯಲ್ಲಿ ಕಡೆಯ ಮಾತು ನನ್ನದು, ಅದು ಅವನಿಗೂ ಗೊತ್ತು. ನಾನೂ ಸಿದ್ಧಳಿದ್ದೆ. ಸೊಸೆಯ ಪರವಾಗಿ ಯಾವ ಮಾತು ಮೊದಲು, ಯಾವುದು ಆಮೇಲೆ, ಎಲ್ಲಿ ದನಿ ಏರಿಸಬೇಕು, ಎಲ್ಲಿ ಕಣ್ಣೀರು ತರಬೇಕು, ಎಲ್ಲ ಜೋಡಿಸಿಟ್ಟಿದ್ದೆ. ಬಾಯಿ ತೆರೆದೆ.

"ಅತ್ತೆ, ನಾನೇ ಹೇಳ್ತೀನಿ," ಅಂದಳು ವಿದ್ಯಾ.

ಅವಳು ದನಿ ಏರಿಸಲಿಲ್ಲ. ಶಾಲೆಗೆ ನೂರು ಜನ ಸಿಗುತ್ತಾರೆ, ಈ ಕೆಲಸಕ್ಕೆ ನಾನೊಬ್ಬಳೇ ಇದ್ದೇನೆ ಅಂದಳು. ದೀಪಾವಳಿಯವರೆಗೂ ಡಬ್ಬಿಗಳು ಬರುತ್ತವೆ, ಬಾರದಿದ್ದರೆ ಮುಂದಿನ ಜೂನ್‌ಗೆ ತಾನೇ ಹೋಗಿ ಅದೇ ಶಾಲೆಯ ಬಾಗಿಲು ತಟ್ಟುತ್ತೇನೆ ಅಂದಳು. ಅಷ್ಟು ಹೇಳಿ, ಅವನು ಉತ್ತರ ಹುಡುಕುವ ಮೊದಲೇ, ಡಬ್ಬಿ ಇಡಲು ಜಾಗ ಸಾಲುತ್ತಿಲ್ಲ, ಈ ಪಡಸಾಲೆ ನನಗೆ ಬೇಕು ಎಂದಳು. ಕೊಡುತ್ತೀರಾ ಎಂದು ಕೇಳಲಿಲ್ಲ. ದೊಡ್ಡ ಮಾತಿಗೆ ಅವನು ಬಾಯಿ ತೆರೆಯುವಷ್ಟರಲ್ಲಿ ಸಣ್ಣ ಮಾತು ಮುಂದಿಟ್ಟು, ದೊಡ್ಡದು ಮುಗಿದೇಹೋಯಿತು ಎನ್ನಿಸಿದಳು. ಇದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ನನಗೇ ಬರುತ್ತಿರಲಿಲ್ಲ.

ಶಿವು ಸ್ಟ್ಯಾಂಡು ಒದ್ದು, ಬೈಕನ್ನು ಮೆಲ್ಲಗೆ ಅಂಗಳಕ್ಕೆ ನೂಕತೊಡಗಿದ. ಹೊಸ್ತಿಲ ಹತ್ತಿರ ತಿರುಗಿ, ಕಡೆಯ ಆಸೆಯೆಂಬಂತೆ ಕೇಳಿದ:

"ಮಳಿ ಬಂದ್ರ?"

"ನೆನೀತದ," ಅಂದಳು ವಿದ್ಯಾ.